ಹುದುಗಿಸಿದ ಹಾಲು ಮತ್ತು ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿಕೆ: ಒಂದು ಚಾರಿತ್ರಿಕ ವಿವೇಚನೆ

ಪೀಠಿಕೆ

ಹಾಲು ಒಗ್ಗದವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ ಎಂಬ ನಂಬಿಕೆ ಹೈನುಗಾರಿಕೆಯನ್ನು ಬಲ್ಲ ಸಮಾಜಗಳಲ್ಲೆಲ್ಲ ಹರಡಿಕೊಂಡಿದೆ. ಈ ನಂಬಿಕೆಯಲ್ಲಿ ಅನುಭವದ ಸತ್ಯವೊಂದು ಇರುವುದು ನಿಜ. ಆದರೆ ಅದೇ ಮಾತನ್ನು ಹಸುವಿನ ಹಾಲಿನ ಪ್ರೋಟೀನಿಗೆ ಒಗ್ಗದಿಕೆ, ಅಂದರೆ ಅಲರ್ಜಿ, ಇರುವ ಶಿಶುವಿಗೂ ಅನ್ವಯಿಸಿದಾಗ ಸತ್ಯವು ಅಪಾಯವಾಗಿ ಪರಿಣಮಿಸುತ್ತದೆ. ಒಂದೇ ನಂಬಿಕೆ ಒಬ್ಬರಿಗೆ ಪಥ್ಯವೂ ಮತ್ತೊಬ್ಬರಿಗೆ ವಿಷವೂ ಆಗುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಹುದುಗಿಸಿದ ಹಾಲಿನ ವೈದ್ಯಕೀಯ ಕೀರ್ತಿಯ ಚರಿತ್ರೆಯನ್ನೂ ಅಲರ್ಜಿ ಎಂಬ ಪರಿಕಲ್ಪನೆಯ ಚರಿತ್ರೆಯನ್ನೂ ಜೊತೆಯಾಗಿಟ್ಟು ನೋಡುವುದು ಅಗತ್ಯವಾಗುತ್ತದೆ.

ಗಮನಾರ್ಹ ಸಂಗತಿಯೆಂದರೆ, ಈ ಎರಡು ಚರಿತ್ರೆಗಳೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ, ಒಂದೇ ಕೆಲವು ನಗರಗಳಲ್ಲಿ, ಕೆಲವೊಮ್ಮೆ ಒಬ್ಬನೇ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಆರಂಭಗೊಂಡವು. 1900ರಿಂದ 1910ರವರೆಗಿನ ದಶಕ ಈ ದೃಷ್ಟಿಯಿಂದ ಮಹತ್ತ್ವದ್ದು. ಹಾಗಿದ್ದೂ ಅವೆರಡೂ ಪರಸ್ಪರ ಸಂಧಿಸಲು ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೆ ಕಾಯಬೇಕಾಯಿತು. ಈ ವಿಳಂಬದ ಕಾರಣಗಳನ್ನು ಗುರುತಿಸಿ, ಅನಂತರದ ಸಂಶೋಧನೆಗಳು ತಲುಪಿರುವ ನಿಲುವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಗ್ರಹಿಕೆಗಳು

ಒಬ್ಬರಿಗೆ ಹಿತವಾದ ಆಹಾರ ಮತ್ತೊಬ್ಬರಿಗೆ ಅಹಿತವಾಗುವುದನ್ನು ಪ್ರಾಚೀನರು ಚೆನ್ನಾಗಿಯೇ ಗಮನಿಸಿದ್ದರು. ಹಿಪ್ಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವೈದ್ಯಗ್ರಂಥಗಳಲ್ಲಿ ಒಂದಾದ ‘ಪ್ರಾಚೀನ ವೈದ್ಯವನ್ನು ಕುರಿತು’ ಎಂಬ ಕೃತಿಯಲ್ಲಿ ಇದಕ್ಕೆ ಉದಾಹರಣೆಯಾಗಿ ಬರುವುದು ಚೀಸ್. ಕೆಲವರು ಹೊಟ್ಟೆತುಂಬ ತಿಂದರೂ ಅದರಿಂದ ಬಾಧೆಯಿಲ್ಲ, ಮತ್ತೆ ಕೆಲವರಿಗೆ ಅದು ಕಷ್ಟಕೊಡುತ್ತದೆ, ಆದ್ದರಿಂದ ದೋಷ ಚೀಸಿನದೆಂದು ಸಾರಾಸಗಟಾಗಿ ಹೇಳಲಾಗದು ಎಂಬುದು ಅಲ್ಲಿನ ವಾದದ ಸಾರ. ಹಾಲಿನಿಂದಾಗುವ ಬಾಧೆಯ ಈ ಪ್ರಾಚೀನ ಉಲ್ಲೇಖದಲ್ಲಿ ಕಾಣಿಸಿಕೊಳ್ಳುವ ಪದಾರ್ಥವೇ ಹೆಪ್ಪುಗಟ್ಟಿಸಿದ ಹಾಲಿನ ಉತ್ಪನ್ನವೆಂಬುದನ್ನು ಇಲ್ಲಿ ನೆನಪಿಡಬೇಕು.

ಭಾರತೀಯ ಪರಂಪರೆಯಲ್ಲಿ ಚರಕಸಂಹಿತೆಯು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳನ್ನು ಗೋರಸವರ್ಗದಲ್ಲಿ ಸೇರಿಸಿ ಒಂದೊಂದರ ಗುಣವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಗ್ರಹಣಿ, ಮೂಲವ್ಯಾಧಿಗಳ ಚಿಕಿತ್ಸೆಯಲ್ಲಿ ತಕ್ರಕ್ಕೆ, ಅಂದರೆ ಕಡೆದ ಮಜ್ಜಿಗೆಗೆ, ಅಲ್ಲಿ ದೊಡ್ಡ ಸ್ಥಾನವಿದೆ. ಮೊಸರನ್ನಾದರೋ ರಾತ್ರಿಯಲ್ಲಿ ತಿನ್ನಬಾರದು, ಬಿಸಿಮಾಡಿ ತಿನ್ನಬಾರದು ಎಂಬ ನಿಷೇಧಗಳು ಸುತ್ತುವರಿದಿವೆ. ಅಂದರೆ ಹಾಲು, ಮೊಸರು ಮತ್ತು ಮಜ್ಜಿಗೆಗಳನ್ನು ಒಂದೇ ದ್ರವ್ಯದ ರೂಪಾಂತರಗಳೆಂದು ಮಾತ್ರ ಕಾಣದೆ, ಪ್ರತ್ಯೇಕ ಗುಣಗಳುಳ್ಳ ದ್ರವ್ಯಗಳೆಂದು ಪರಿಗಣಿಸಲಾಗಿತ್ತು. ದೇಹಕ್ಕೆ ಒಗ್ಗಿದ್ದು ‘ಸಾತ್ಮ್ಯ’, ಒಗ್ಗದ್ದು ‘ಅಸಾತ್ಮ್ಯ’ ಎಂಬ ವಿಭಾಗವೂ ವ್ಯಕ್ತಿಭೇದವನ್ನು ಒಪ್ಪಿಕೊಂಡದ್ದಾಗಿತ್ತು. ಆದರೆ ಈ ಅಸಾತ್ಮ್ಯವನ್ನು ಆಧುನಿಕ ಅರ್ಥದ ಅಲರ್ಜಿಯೊಂದಿಗೆ ಸಮೀಕರಿಸುವುದು ಸಾಧುವಲ್ಲ. ಹೊಟ್ಟೆಯುಬ್ಬರ, ಭೇದಿ, ಚರ್ಮದ ಗಂಧೆ, ಉಬ್ಬಸಗಳ ಹಿಂದೆ ಬೇರೆಬೇರೆ ಕಾರಣಗಳಿರಬಹುದಾಗಿದ್ದು, ಅವನ್ನು ಪ್ರತ್ಯೇಕಿಸುವ ಸಾಧನ ಆ ಕಾಲದಲ್ಲಿ ಎಲ್ಲಿಯೂ ಇರಲಿಲ್ಲ. ಮುಂದೆ ಇಪ್ಪತ್ತನೆಯ ಶತಮಾನವನ್ನೂ ಕಾಡಿದ ಗೊಂದಲದ ಮೂಲ ಇಲ್ಲಿಯೇ ಇದೆ.

ಪ್ಯಾರಿಸ್: ಹುಳಿಹಾಲಿನ ಕೀರ್ತಿ

ಹುದುಗಿಸಿದ ಹಾಲನ್ನು ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ ತಂದವನು ಎಲೀ ಮೆಚ್ನಿಕಾಫ್. 1845ರಲ್ಲಿ ಖಾರ್ಕೊವ್ ಪ್ರಾಂತ್ಯದಲ್ಲಿ ಹುಟ್ಟಿದ ಈತ 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಭಕ್ಷಕ ಕಣಗಳ ಕ್ರಿಯೆಯನ್ನು ಕಂಡುಕೊಂಡು, 1888ರಿಂದ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ನೆಲೆಸಿದನು. ರೋಗನಿರೋಧ ವಿಜ್ಞಾನಕ್ಕೆ ಸಲ್ಲಿಸಿದ ಸೇವೆಗಾಗಿ 1908ರಲ್ಲಿ ಪಾಲ್ ಎರ್ಲಿಕ್‌ನೊಂದಿಗೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ದೊಡ್ಡ ಕರುಳಿನಲ್ಲಿ ನಡೆಯುವ ಕೊಳೆಯುವಿಕೆಯಿಂದ ಹುಟ್ಟುವ ವಿಷಗಳೇ ಮುಪ್ಪಿಗೆ ಕಾರಣ, ಲ್ಯಾಕ್ಟಿಕ್ ಆಮ್ಲವನ್ನುಂಟುಮಾಡುವ ಸೂಕ್ಷ್ಮಾಣುಗಳು ಆ ಕೊಳೆಯುವಿಕೆಯನ್ನು ತಡೆಯಬಲ್ಲವು ಎಂಬುದು ಅವನ ವಾದ. 1904ರ ಜೂನ್ ತಿಂಗಳಿನಲ್ಲಿ ಪ್ಯಾರಿಸಿನಲ್ಲಿ ಮುಪ್ಪನ್ನು ಕುರಿತು ಅವನು ಮಾಡಿದ ಉಪನ್ಯಾಸವೂ 1907ರಲ್ಲಿ ಪ್ರಕಟವಾದ ಅವನ ಪುಸ್ತಕವೂ ಈ ವಿಚಾರವನ್ನು ಯುರೋಪಿನ ಮನೆಮನೆಗೆ ಮುಟ್ಟಿಸಿದವು.

ಇದೇ ಅವಧಿಯಲ್ಲಿ, 1905ರಲ್ಲಿ, ಜಿನೀವಾದಲ್ಲಿ ವ್ಯಾಸಂಗ ಮಾಡುತ್ತಿದ್ದ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿದ್ದ ಸೂಕ್ಷ್ಮಾಣುಗಳನ್ನು ವಿವರಿಸಿ ಬರೆದನು. ಅವುಗಳಲ್ಲಿ ಮುಖ್ಯವಾದುದಕ್ಕೆ ಬ್ಯಾಸಿಲಸ್ ಬಲ್ಗ್ಯಾರಿಕಸ್ ಎಂಬ ಹೆಸರು ನಿಂತಿತು. 1919ರಲ್ಲಿ ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ‘ಡಾನೋನ್’ ಹೆಸರಿನಲ್ಲಿ ಆರಂಭಿಸಿದ ಮೊಸರಿನ ಉದ್ಯಮ ಮೊದಲಿಗೆ ತನ್ನ ಸರಕನ್ನು ಔಷಧದ ಅಂಗಡಿಗಳ ಮೂಲಕ ಮಾರಿತೆಂಬುದು ಆ ಕಾಲದ ಭಾವನೆಯನ್ನು ತಿಳಿಸುತ್ತದೆ. ಜಪಾನಿನಲ್ಲಿ ಮಿನೊರು ಶಿರೊಟ 1930ರಲ್ಲಿ ಆಯ್ದ ಲ್ಯಾಕ್ಟೋಬ್ಯಾಸಿಲಸ್ ತಳಿಯೊಂದು 1935ರಲ್ಲಿ ಯಾಕುಲ್ಟ್ ಎಂಬ ಪಾನೀಯವಾಗಿ ಮಾರುಕಟ್ಟೆಗೆ ಬಂದಿತು.

ಮೆಚ್ನಿಕಾಫನ ಚಿಂತನೆಯಲ್ಲಿ ಹಾಲಿನ ಪ್ರೋಟೀನು ಶತ್ರುವಾಗಿ ಎಲ್ಲಿಯೂ ಬರುವುದಿಲ್ಲ. ಅವನ ಶತ್ರು ಕರುಳಿನ ಕೊಳೆ, ಅವನ ರೋಗಿ ಮುಪ್ಪಿನತ್ತ ಸಾಗುವ ವಯಸ್ಕ. ಆದರೆ ಅದೇ ಪಾಸ್ತರ್ ಸಂಸ್ಥೆಯಲ್ಲಿ ಅವನ ಶಿಷ್ಯ ಅಲೆಕ್ಸಾಂಡ್ರ್ ಬೆಸ್ರೆದ್ಕಾ 1909ರಲ್ಲಿ ಹಾಲಿನಿಂದ ಉಂಟಾಗುವ ಅನಾಫಿಲಾಕ್ಸಿಸ್, ಅಂದರೆ ಪ್ರಾಣಾಪಾಯ ತರುವ ತೀವ್ರ ಪ್ರತಿಕ್ರಿಯೆ, ಕುರಿತು ಪ್ರಯೋಗಗಳನ್ನು ಪ್ರಕಟಿಸಿದನು. ಹಾಲನ್ನು ಅಮೃತವೆಂದು ಸಾರುವ ಗುರುವೂ ಹಾಲಿನಿಂದ ಗಿನಿಯಿಲಿ ಸಾಯುವುದನ್ನು ದಾಖಲಿಸುವ ಶಿಷ್ಯನೂ ಒಂದೇ ಸೂರಿನಡಿ ಇದ್ದರೂ ಆ ಎರಡು ಕೆಲಸಗಳು ಒಂದನ್ನೊಂದು ಪ್ರಶ್ನಿಸಲಿಲ್ಲ.

ಮಧ್ಯ ಯುರೋಪು: ಹಾಲು ಅನ್ಯವಾದ ಬಗೆ

ಹಾಲನ್ನು ಅನ್ಯಪ್ರಾಣಿಯ ದ್ರವ್ಯವೆಂದು ಕಾಣುವ ದೃಷ್ಟಿ ಬೆಳೆದುದು ಮುಖ್ಯವಾಗಿ ಆಸ್ಟ್ರಿಯ ಮತ್ತು ಜರ್ಮನಿಯ ಮಕ್ಕಳ ಆಸ್ಪತ್ರೆಗಳಲ್ಲಿ. 1899ರಲ್ಲಿ ಜೂಲ್ ಬೋರ್ದೆ ಮೊಲಗಳಿಗೆ ಹಾಲನ್ನು ಚುಚ್ಚಿದಾಗ, ಅವುಗಳ ರಕ್ತಸಾರವು ಅದೇ ಹಾಲನ್ನು ಒತ್ತರಿಸುವ ಗುಣವನ್ನು ಪಡೆಯುವುದನ್ನು ತೋರಿಸಿದ್ದನು. ಒಂದು ಪ್ರಾಣಿಯ ಹಾಲು ಮತ್ತೊಂದು ಪ್ರಾಣಿಯ ದೇಹಕ್ಕೆ ಅಪರಿಚಿತವೆಂಬುದು ಹೀಗೆ ಕಣ್ಣಿಗೆ ಕಾಣುವ ಸಂಗತಿಯಾಯಿತು. ವಿಯೆನ್ನಾದ ಫ್ರಾಂಟ್ಸ್ ಹಾಂಬುರ್ಗರ್ 1901ರಿಂದ 1903ರವರೆಗಿನ ತನ್ನ ಬರಹಗಳಲ್ಲಿ ಹಸುವಿನ ಹಾಲಿನ ಪ್ರೋಟೀನು ಮಾನವ ಶಿಶುವಿಗೆ ಅನ್ಯಜಾತಿಯದು, ತಾಯಿಯ ಹಾಲಿಗೂ ಹಸುವಿನ ಹಾಲಿಗೂ ಇರುವ ವ್ಯತ್ಯಾಸ ಬರಿಯ ಪ್ರಮಾಣದ್ದಲ್ಲ, ಸ್ವಭಾವದ್ದು ಎಂದು ವಾದಿಸಿದನು. 1902ರಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಅನಾಫಿಲಾಕ್ಸಿಸ್ಸನ್ನು ಗುರುತಿಸಿದರು. 1905ರಲ್ಲಿ ಆರ್ಟುರ್ ಶ್ಲೋಸ್‌ಮನ್ ಮತ್ತು ಹೈನ್ರಿಕ್ ಫಿಂಕೆಲ್‌ಸ್ಟೈನ್ ಹಸುವಿನ ಹಾಲು ಕುಡಿದೊಡನೆ ಶಿಶುಗಳಲ್ಲಿ ಕಾಣಿಸಿಕೊಂಡ ತೀವ್ರ ಪ್ರತಿಕ್ರಿಯೆಗಳನ್ನು ಬೇರೆಬೇರೆಯಾಗಿ ವರದಿ ಮಾಡಿದರು. ಫಿಂಕೆಲ್‌ಸ್ಟೈನನ ವರದಿಯಲ್ಲಿ ಶಿಶುವಿನ ಮರಣವೂ ಸೇರಿತ್ತು. 1906ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಸೃಷ್ಟಿಸಿದನು.

ಈ ಸಂದರ್ಭದಲ್ಲಿ ವಿಶೇಷವಾಗಿ ಪರಿಶೀಲಿಸಬೇಕಾದ ವ್ಯಕ್ತಿ ಎರ್ನ್ಸ್ಟ್ ಮೊರೊ. 1874ರಲ್ಲಿ ಲೈಬಾಖ್‌ನಲ್ಲಿ, ಅಂದರೆ ಇಂದಿನ ಲ್ಯುಬ್ಲಿಯಾನಾದಲ್ಲಿ ಹುಟ್ಟಿ, ಗ್ರಾಟ್ಸ್‌ನಲ್ಲಿ ಥಿಯೋಡೋರ್ ಎಶೆರಿಕ್‌ನ ಬಳಿ ತರಬೇತು ಹೊಂದಿದ ಈ ಶಿಶುವೈದ್ಯ 1900ರಲ್ಲಿ ಶಿಶುಗಳ ಮಲದಿಂದ ಆಮ್ಲಪ್ರಿಯವಾದ ಸೂಕ್ಷ್ಮಾಣುವೊಂದನ್ನು ಬೇರ್ಪಡಿಸಿ ಬ್ಯಾಸಿಲಸ್ ಅಸಿಡೋಫಿಲಸ್ ಎಂದು ಕರೆದನು. ಇಂದು ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್ ಎಂದು ಹೆಸರಾಗಿರುವ, ಅನೇಕ ಹುದುಗಿಸಿದ ಹಾಲಿನ ಪದಾರ್ಥಗಳಲ್ಲಿ ಬಳಕೆಯಾಗುವ ಸೂಕ್ಷ್ಮಾಣು ಇದೇ. ಅದೇ ಮೊರೊ 1906ರಲ್ಲಿ ನಾಲ್ಕೂವರೆ ತಿಂಗಳಿನ, ತೀರ ಕೃಶವಾಗಿದ್ದ ಶಿಶುವೊಂದರ ರಕ್ತದಲ್ಲಿ ಹಸುವಿನ ಹಾಲನ್ನು ಒತ್ತರಿಸುವ ಪ್ರತಿಕಾಯವನ್ನು ಗುರುತಿಸಿದನು. ಜೀರ್ಣವಾಗದ ಹಾಲಿನ ಪ್ರೋಟೀನು ಶಿಶುವಿನ ಕರುಳನ್ನು ದಾಟಿ ರಕ್ತವನ್ನು ಸೇರಬಲ್ಲದೆಂಬುದಕ್ಕೆ ಅದು ಸಾಕ್ಷ್ಯವಾಗಿತ್ತು. ಇಂಥ ಪ್ರತಿಕಾಯಗಳು ಬಾಟಲಿ ಹಾಲು ಕುಡಿಯುವ ಆರೋಗ್ಯವಂತ ಶಿಶುಗಳಲ್ಲಿಯೂ ಸಾಮಾನ್ಯವೆಂದೂ, ಅವುಗಳ ಇರುವಿಕೆಯಿಂದಲೇ ರೋಗವನ್ನು ನಿರ್ಣಯಿಸಲಾಗದೆಂದೂ ಅನಂತರ ತಿಳಿದುಬಂದಿತು. ಆದರೂ ಹುದುಗುವಿಕೆಗೆ ಕಾರಣವಾದ ಜೀವಿಯನ್ನೂ ಹಾಲಿನ ವಿರುದ್ಧದ ಪ್ರತಿಕಾಯವನ್ನೂ ಆರು ವರ್ಷಗಳ ಅಂತರದಲ್ಲಿ ಕಂಡವನು ಒಬ್ಬನೇ ವೈದ್ಯನೆಂಬುದು ಚರಿತ್ರೆಯ ದೃಷ್ಟಿಯಿಂದ ಅರ್ಥಪೂರ್ಣ. ಮೊದಲನೆಯದು ಎರಡನೆಯದರ ಮೇಲೆ ಪರಿಣಾಮ ಬೀರಬಹುದೇ ಎಂಬ ಪ್ರಶ್ನೆ ಮಾತ್ರ ಆ ಕಾಲದ ಚರ್ಚೆಯ ವಿಷಯವಾಗಲಿಲ್ಲ.

ಶಿಶುವಿನ ಬಟ್ಟಲಿಗೆ ಹುಳಿಹಾಲು

ಪ್ರಶ್ನೆ ಏಳದಿದ್ದುದಕ್ಕೆ ಮುಖ್ಯ ಕಾರಣ ಆ ಕಾಲದ ಶಿಶುಮರಣ. ಯುರೋಪಿನ ನಗರಗಳಲ್ಲಿ ಬೇಸಗೆ ಬಂದೊಡನೆ ಬಾಟಲಿ ಹಾಲು ಕುಡಿಯುವ ಶಿಶುಗಳು ಭೇದಿಯಿಂದ ಸಾಯುತ್ತಿದ್ದವು. ಹಾಲು ಕೆಡುವುದು, ರೋಗಾಣುಗಳು ಬೆಳೆಯುವುದು, ಎಳೆಯ ಹೊಟ್ಟೆಯಲ್ಲಿ ಹಾಲು ಗಟ್ಟಿ ಗಡ್ಡೆಯಾಗುವುದು ಇವೇ ವೈದ್ಯರನ್ನು ಕಾಡುತ್ತಿದ್ದ ಸಮಸ್ಯೆಗಳು. ಇವುಗಳಿಗೆ ಹುಳಿಹಾಲು ನಿಜವಾಗಿಯೂ ಪರಿಹಾರವಾಗಿತ್ತು. ಆಮ್ಲವು ಅನೇಕ ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ. ಮೊದಲೇ ಹೆಪ್ಪುಗಟ್ಟಿ ಒಡೆದ ಕೇಸೀನು ಹೊಟ್ಟೆಯಲ್ಲಿ ನುಣುಪಾದ ಕಣಗಳಾಗಿ ಉಳಿಯುತ್ತದೆ.

ಹಾಲೆಂಡಿನ ಜನರು ಶಿಶುಗಳಿಗೆ ಮಜ್ಜಿಗೆ ಕೊಡುವ ರೂಢಿಯನ್ನು ಮೊದಲಿನಿಂದಲೂ ಇಟ್ಟುಕೊಂಡಿದ್ದರು. ರಾಟರ್‌ಡಾಮಿನ ಟೆಷೇರಾ ಡಿ ಮಾಟೊಸ್ 1902ರಲ್ಲಿ ಅದನ್ನು ಜರ್ಮನ್ ವೈದ್ಯಪತ್ರಿಕೆಯಲ್ಲಿ ವಿವರವಾಗಿ ಪ್ರತಿಪಾದಿಸಿದ ಮೇಲೆ ಮಜ್ಜಿಗೆಯು ಯುರೋಪಿನ ಶಿಶುವೈದ್ಯದಲ್ಲಿ ಮಾನ್ಯ ಪಥ್ಯವಾಯಿತು. ಬರ್ಲಿನ್ನಿನಲ್ಲಿ ಫಿಂಕೆಲ್‌ಸ್ಟೈನ್ ಮತ್ತು ಲುಡ್ವಿಗ್ ಮೇಯರ್ 1910ರಲ್ಲಿ ‘ಪ್ರೋಟೀನ್ ಹಾಲು’ ಎಂಬ ಆಹಾರವನ್ನು ರೂಪಿಸಿದರು. ಒಂದು ಲೀಟರು ಹಾಲನ್ನು ಹೆಪ್ಪುಗಟ್ಟಿಸಿ, ಹಾಲೊಡಕನ್ನು ಬಸಿದು, ಉಳಿದ ಗಡ್ಡೆಯನ್ನು ಜರಡಿಯಲ್ಲಿ ಉಜ್ಜಿ, ಅರ್ಧ ಲೀಟರು ಮಜ್ಜಿಗೆ ಮತ್ತು ಅರ್ಧ ಲೀಟರು ನೀರಿನೊಂದಿಗೆ ಬೆರೆಸುವುದು ಅದರ ತಯಾರಿಕೆಯ ಕ್ರಮ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೆಕಿಮ್ ಮ್ಯಾರಿಯಟ್ 1919ರಿಂದ ಲ್ಯಾಕ್ಟಿಕ್ ಆಮ್ಲದ ಹಾಲನ್ನು ಶಿಶುಗಳಿಗೆ ಕೊಡುವ ಪದ್ಧತಿಯನ್ನು ಬಳಕೆಗೆ ತಂದನು.

ಇಲ್ಲಿರುವ ವಿಪರ್ಯಾಸವನ್ನು ಗುರುತಿಸಬೇಕು. ಹಾಲಿನಿಂದ ಶಿಶು ಸತ್ತುದನ್ನು 1905ರಲ್ಲಿ ವರದಿ ಮಾಡಿದ ಫಿಂಕೆಲ್‌ಸ್ಟೈನನೇ ಐದು ವರ್ಷಗಳ ಬಳಿಕ ರೂಪಿಸಿದ ಆಹಾರದಲ್ಲಿ ಹಾಲಿನ ಸಕ್ಕರೆ ಕಡಿಮೆ, ಕೇಸೀನು ಹೆಚ್ಚು. ಸಾಮಾನ್ಯ ಭೇದಿಯಲ್ಲಿ ದೋಷ ಸಕ್ಕರೆ ಮತ್ತು ಹಾಲೊಡಕಿನ ಲವಣಗಳದೆಂಬುದು ಅವನ ನಂಬಿಕೆಯಾಗಿದ್ದುದರಿಂದ ಇದು ಅವನ ತರ್ಕಕ್ಕೆ ಸಹಜವೇ ಆಗಿತ್ತು. ಭೇದಿಯಿಂದ ಬಳಲುತ್ತಿದ್ದ ಅನೇಕ ಶಿಶುಗಳು ಅದರಿಂದ ಚೇತರಿಸಿಕೊಂಡವು. ಆದರೆ ಕೇಸೀನಿಗೇ ಒಗ್ಗದಿಕೆಯಿದ್ದ ಶಿಶುವಿಗೆ ಅದಕ್ಕಿಂತ ಅಹಿತವಾದ ಆಹಾರ ಬೇರೊಂದಿರಲಾರದು. ಬಹುಸಂಖ್ಯೆಯ ಮಕ್ಕಳನ್ನು ಉಳಿಸಿದ ಪಥ್ಯವು ಅಲ್ಪಸಂಖ್ಯೆಯ ಮಕ್ಕಳ ಕಾಯಿಲೆಯನ್ನು ಮರೆಮಾಡಿತು.

ಮೂರು ಕಾಯಿಲೆಗಳ ಬೇರ್ಪಡಿಕೆ

‘ಹಾಲು ಒಗ್ಗದು’ ಎಂಬ ಒಂದೇ ಮಾತಿನಲ್ಲಿ ಅಡಗಿದ್ದ ಸೋಂಕಿನ ಭೇದಿ, ಹಾಲಿನ ಸಕ್ಕರೆಯನ್ನು ಜೀರ್ಣಿಸಲಾರದಿರುವಿಕೆ ಮತ್ತು ಪ್ರೋಟೀನಿನ ಒಗ್ಗದಿಕೆ ಎಂಬ ಮೂರು ಸ್ಥಿತಿಗಳನ್ನು ಬಿಡಿಸಿ ನೋಡುವುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರ ಸಾಧ್ಯವಾಯಿತು. ನಗರಗಳಲ್ಲಿ ಹಾಲಿನ ಪಾಶ್ಚರೀಕರಣ ಮತ್ತು ಶುದ್ಧ ನೀರು ಬಂದ ಮೇಲೆ ಮೊದಲನೆಯದು ಹಿಂದೆ ಸರಿಯಿತು. 1959ರಲ್ಲಿ ಮ್ಯಾಂಚೆಸ್ಟರಿನ ಹೋಲ್ಜೆಲ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಲ್ಯಾಕ್ಟೋಸನ್ನು ಜೀರ್ಣಿಸಲಾರದ ಶಿಶುಗಳನ್ನು ವರ್ಣಿಸಿದರು. 1960ರ ದಶಕದಲ್ಲಿ ವಯಸ್ಕರಲ್ಲಿ ಲ್ಯಾಕ್ಟೇಸ್ ಕಿಣ್ವದ ಕೊರತೆ ಎಷ್ಟು ವ್ಯಾಪಕವೆಂಬುದು ತಿಳಿಯಿತು. 1984ರಲ್ಲಿ ಕೋಲಾರ್ಸ್, ಲೆವಿಟ್ ಮತ್ತು ಸಂಗಡಿಗರು, ಮೊಸರಿನಲ್ಲಿರುವ ಜೀವಂತ ಸೂಕ್ಷ್ಮಾಣುಗಳ ಕಿಣ್ವವೇ ಕರುಳಿನಲ್ಲಿ ಆ ಸಕ್ಕರೆಯನ್ನು ಒಡೆಯುವುದನ್ನು ತೋರಿಸಿದರು. ಹಾಲು ಒಗ್ಗದ ವಯಸ್ಕನಿಗೆ ಮೊಸರು ಒಗ್ಗುವುದೇಕೆ ಎಂಬ ಬಹುಕಾಲದ ಅನುಭವಕ್ಕೆ ಅಲ್ಲಿ ವಿವರಣೆ ದೊರೆಯಿತು. ಆದರೆ ಅದು ಸಕ್ಕರೆಯ ಕಥೆ, ಪ್ರೋಟೀನಿನದಲ್ಲ.

ಪ್ರೋಟೀನಿನ ಕಥೆ ಬೇರೆ ಜಾಡಿನಲ್ಲಿ ಸಾಗಿತು. 1942ರಲ್ಲಿ ಅಮೆರಿಕದಲ್ಲಿ ಕೇಸೀನನ್ನು ಕಿಣ್ವಗಳಿಂದ ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ‘ನ್ಯೂಟ್ರಮಿಜೆನ್’ ಎಂಬ ಶಿಶು ಆಹಾರ ಬಂದಿತು. 1963ರಲ್ಲಿ ಗೋಲ್ಡ್‌ಮನ್ ಮತ್ತು ಸಂಗಡಿಗರು ಹಾಲನ್ನೂ ಅದರಿಂದ ಬೇರ್ಪಡಿಸಿದ ಪ್ರೋಟೀನುಗಳನ್ನೂ ಮಕ್ಕಳಿಗೆ ಕೊಟ್ಟು ಪರೀಕ್ಷಿಸಿ, ಒಂದಲ್ಲ ಹಲವು ಪ್ರೋಟೀನುಗಳು ಒಗ್ಗದಿಕೆಗೆ ಕಾರಣವೆಂದು ತೋರಿಸಿದರು. 1966–67ರಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ತಕ್ಷಣದ ಅಲರ್ಜಿಗೆ ಕಾರಣವಾದ ಪ್ರತಿಕಾಯವನ್ನು ಕಂಡುಕೊಂಡರು. 1968ರಲ್ಲಿ ಅದಕ್ಕೆ ಇಮ್ಯುನೊಗ್ಲಾಬ್ಯುಲಿನ್ ಇ ಎಂಬ ಹೆಸರು ನಿಶ್ಚಿತವಾಯಿತು. ಈ ಪ್ರತಿಕಾಯದ ಪಾತ್ರವಿಲ್ಲದೆ, ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ವಾಂತಿ, ರಕ್ತಮಿಶ್ರಿತ ಮಲ, ಬೆಳವಣಿಗೆಯ ಕುಂಠಿತಗಳ ರೂಪದಲ್ಲಿ ಕಾಣುವ ಮತ್ತೊಂದು ಬಗೆಯೂ ಇದೆಯೆಂಬುದು ಕ್ರಮೇಣ ಸ್ಪಷ್ಟವಾಯಿತು.

ಡೆನ್ಮಾರ್ಕಿನ ಹೋಸ್ಟ್ ಮತ್ತು ಹಾಲ್ಕೆನ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಅಳತೆಗೋಲನ್ನು ಒದಗಿಸಿತು. ಹುಟ್ಟಿನಿಂದ ಅನುಸರಿಸಿದ 1,749 ಮಕ್ಕಳಲ್ಲಿ 39 ಮಕ್ಕಳಿಗೆ, ಎಂದರೆ ಶೇಕಡ 2.2ರಷ್ಟು ಮಂದಿಗೆ ಈ ಒಗ್ಗದಿಕೆ ಖಚಿತವಾಯಿತು. ಅವರಲ್ಲಿ ಶೇಕಡ 56 ಮಂದಿ ಒಂದು ವರ್ಷದ ಹೊತ್ತಿಗೆ, ಶೇಕಡ 77 ಮಂದಿ ಎರಡು ವರ್ಷಕ್ಕೆ, ಶೇಕಡ 87 ಮಂದಿ ಮೂರು ವರ್ಷಕ್ಕೆ ತಾವಾಗಿಯೇ ಹಾಲನ್ನು ತಾಳಿಕೊಳ್ಳುವಂತಾದರು. ಮನೆಮದ್ದುಗಳ ಚರಿತ್ರೆಯನ್ನು ಬರೆಯುವವರು ಈ ಅಂಕಿಗಳನ್ನು ಮರೆಯಬಾರದು. ತಾನಾಗಿ ಗುಣವಾಗುವ ಸ್ಥಿತಿಯಲ್ಲಿ ಆ ಅವಧಿಯಲ್ಲಿ ಕೊಟ್ಟ ಯಾವ ಪಥ್ಯವೇ ಆದರೂ ಗುಣದ ಕೀರ್ತಿಯನ್ನು ಪಡೆದುಕೊಳ್ಳುತ್ತದೆ.

ಹುದುಗುವಿಕೆ ಪ್ರೋಟೀನಿಗೆ ಮಾಡುವುದೇನು?

ಹಸುವಿನ ಹಾಲಿನ ಒಟ್ಟು ಪ್ರೋಟೀನಿನಲ್ಲಿ ಸುಮಾರು ಶೇಕಡ 80 ಭಾಗ ಕೇಸೀನು, ಉಳಿದ ಶೇಕಡ 20 ಹಾಲೊಡಕಿನ ಪ್ರೋಟೀನು. ಹಾಲೊಡಕಿನ ಪ್ರೋಟೀನುಗಳಲ್ಲಿ ಮುಖ್ಯವಾದ ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್ ತಾಯಿಯ ಹಾಲಿನಲ್ಲಿ ಸ್ವಾಭಾವಿಕವಾಗಿ ಇಲ್ಲ. ದೇಹದ ಪ್ರತಿಕಾಯಗಳು ಪ್ರೋಟೀನನ್ನು ಎರಡು ಬಗೆಯಲ್ಲಿ ಗುರುತಿಸುತ್ತವೆ: ಅದರ ಮಡಿಕೆಯ ಆಕಾರದಿಂದ ಅಥವಾ ಅಮೈನೊ ಆಮ್ಲಗಳ ಸಾಲಿನ ಕ್ರಮದಿಂದ. ಕಾಯಿಸಿದಾಗ ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್ ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ಕೇಸೀನಾದರೋ ನಿಶ್ಚಿತ ಮಡಿಕೆಯಿಲ್ಲದ ಸಡಿಲ ಸರಪಳಿಯಾದ್ದರಿಂದ ಕಾಯಿಸುವಿಕೆಗೆ ಸುಲಭವಾಗಿ ಮಣಿಯುವುದಿಲ್ಲ.

ಹಾಲಿಗೆ ಹೆಪ್ಪು ಹಾಕಿದಾಗ ಸೂಕ್ಷ್ಮಾಣುಗಳು ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆಮ್ಲತೆ ಪಿಎಚ್ 4.6ರ ಸುತ್ತ ತಲುಪಿದಾಗ ಕೇಸೀನು ಒತ್ತರಿಸಿ ಮೊಸರಾಗುತ್ತದೆ. ಇದು ಕೇಸೀನಿನ ಸ್ಥಿತಿಯ ಬದಲಾವಣೆಯೇ ಹೊರತು ನಾಶವಲ್ಲ. ಸೂಕ್ಷ್ಮಾಣುಗಳು ತಮ್ಮ ಕೋಶಭಿತ್ತಿಗೆ ಅಂಟಿದ ಕಿಣ್ವಗಳಿಂದ ಪ್ರೋಟೀನನ್ನು ಒಡೆಯುವುದೂ ನಿಜ. ಆದರೆ ಅವು ಒಡೆಯುವುದು ತಮ್ಮ ಬೆಳವಣಿಗೆಗೆ ಬೇಕಾದಷ್ಟನ್ನು ಮಾತ್ರ. ಕೆಲವು ಗಂಟೆಗಳಲ್ಲಿ ಸಿದ್ಧವಾಗುವ ಮೊಸರಿನಲ್ಲಿ ಪ್ರೋಟೀನಿನ ಬಹುಭಾಗ ಒಡೆಯದೆ ಉಳಿಯುತ್ತದೆ.

1990ರ ದಶಕದಿಂದ ಈಚೆಗೆ ಪೋಲೆಂಡ್, ಜರ್ಮನಿ ಮೊದಲಾದ ದೇಶಗಳ ಪ್ರಯೋಗಾಲಯಗಳಲ್ಲಿ, ಆಯ್ದ ಲ್ಯಾಕ್ಟಿಕ್ ಸೂಕ್ಷ್ಮಾಣುಗಳಿಂದ ಹುದುಗಿಸಿದಾಗ ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್‌ನ ಪ್ರತಿಜನಕ ಗುಣ ಗಣನೀಯವಾಗಿ ತಗ್ಗುವುದು ಕಂಡುಬಂದಿದೆ. ಆದರೆ ಪರೀಕ್ಷಾನಳಿಕೆಯಲ್ಲಿ ಪ್ರತಿಕಾಯದ ಅಂಟುವಿಕೆ ತಗ್ಗುವುದಕ್ಕೂ ಮಗುವಿನ ದೇಹದಲ್ಲಿ ಪ್ರತಿಕ್ರಿಯೆ ನಿಲ್ಲುವುದಕ್ಕೂ ಅಂತರವಿದೆ. ತೀವ್ರ ಒಗ್ಗದಿಕೆಯಿರುವ ಮಗುವಿಗೆ ಅತ್ಯಲ್ಪ ಪ್ರಮಾಣದ ಪ್ರೋಟೀನೂ ಸಾಕಾಗಬಹುದು. ಮೇಲಾಗಿ ಒಡೆಯುವಿಕೆಯಿಂದ ಕೆಲವೊಮ್ಮೆ ಒಳಗೆ ಅಡಗಿದ್ದ ಭಾಗಗಳು ಹೊರಗೆ ಬರುವುದೂ ಉಂಟು.

ಕಾಲಾವಧಿ ದೀರ್ಘವಾದಾಗ ಚಿತ್ರ ಸ್ವಲ್ಪ ಬದಲಾಗುತ್ತದೆ. 36 ತಿಂಗಳು ಮಾಗಿಸಿದ ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಹಾಲಿನ ಒಗ್ಗದಿಕೆಯಿದ್ದ ಮಕ್ಕಳಿಗೆ ವೈದ್ಯರ ಸಮ್ಮುಖದಲ್ಲಿ ಕೊಟ್ಟ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ತಾಳಿಕೊಂಡರು. ಮೂರು ವರ್ಷಗಳ ಕಿಣ್ವಕ್ರಿಯೆಯಿಂದ ಪ್ರೋಟೀನು ಬಹಳಷ್ಟು ಒಡೆದಿರುವುದು ಇದಕ್ಕೆ ಕಾರಣ. ಆದರೂ ಉಳಿದ ಮಕ್ಕಳು ಪ್ರತಿಕ್ರಿಯೆ ತೋರಿದರು. ಶಾಖದ ವಿಷಯದಲ್ಲಿಯೂ ಇದಕ್ಕೆ ಹೋಲುವ ಫಲಿತಾಂಶವಿದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ 2008ರಲ್ಲಿ ಪರೀಕ್ಷಿಸಿದ 100 ಮಕ್ಕಳಲ್ಲಿ 68 ಮಕ್ಕಳು ಒಲೆಯಲ್ಲಿ ಹಿಟ್ಟಿನೊಂದಿಗೆ ಬೇಯಿಸಿದ ಹಾಲನ್ನು ತಾಳಿಕೊಂಡು, ಬೇಯಿಸದ ಹಾಲಿಗೆ ಪ್ರತಿಕ್ರಿಯಿಸಿದರು. 23 ಮಕ್ಕಳಿಗೆ ಬೇಯಿಸಿದ ಹಾಲೂ ಒಗ್ಗಲಿಲ್ಲ. ಎಂದರೆ ಹಾಲಿನ ಸಂಸ್ಕರಣೆ ಒಗ್ಗದಿಕೆಯ ಸೌಮ್ಯ ರೂಪಗಳನ್ನು ಗುರುತಿಸಲು ನೆರವಾಗುತ್ತದೆ. ತೀವ್ರ ರೂಪಗಳನ್ನು ನಿವಾರಿಸುವುದಿಲ್ಲ.

ಸೂಕ್ಷ್ಮಾಣುವಿನ ಪುನರಾಗಮನ

1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್, ದೊಡ್ಡ ಕುಟುಂಬದ ಕಿರಿಯ ಮಕ್ಕಳಲ್ಲಿ ಹೇ ಜ್ವರ ಕಡಿಮೆಯಿರುವುದನ್ನು ತೋರಿಸಿ, ಬಾಲ್ಯದ ಸೋಂಕುಗಳ ಕೊರತೆಗೂ ಅಲರ್ಜಿಯ ಹೆಚ್ಚಳಕ್ಕೂ ಸಂಬಂಧವನ್ನು ಸೂಚಿಸಿದನು. ಇದರಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಹುದುಗುವಿಕೆಯು ಹಾಲಿಗೆ ಏನು ಮಾಡುತ್ತದೆ ಎಂಬುದರ ಬದಲು, ಹುದುಗಿಸುವ ಸೂಕ್ಷ್ಮಾಣು ಮಗುವಿನ ರೋಗನಿರೋಧ ವ್ಯವಸ್ಥೆಗೆ ಏನು ಕಲಿಸುತ್ತದೆ ಎಂಬುದು ಮುಖ್ಯವಾಯಿತು. ಮೊರೊ ಬಿಟ್ಟುಹೋಗಿದ್ದ ಎರಡು ಎಳೆಗಳು ಇಲ್ಲಿ ಕೂಡಿದವು.

ಈ ಕೂಡಿಕೆಯ ಕೇಂದ್ರ ಫಿನ್ಲೆಂಡಿನ ಟುರ್ಕು ನಗರ. ಬಾಸ್ಟನ್ನಿನಲ್ಲಿ ಗೋರ್ಬಾಕ್ ಮತ್ತು ಗೋಲ್ಡಿನ್ 1980ರ ದಶಕದಲ್ಲಿ ಮಾನವ ಕರುಳಿನಿಂದ ಬೇರ್ಪಡಿಸಿದ ಲ್ಯಾಕ್ಟೋಬ್ಯಾಸಿಲಸ್ ಜಿಜಿ ಎಂಬ ತಳಿಯನ್ನು ಫಿನ್ಲೆಂಡಿನ ಹೈನು ಉದ್ಯಮ ಆಗಲೇ ಬಳಸುತ್ತಿತ್ತು. 1997ರಲ್ಲಿ ಮಾಯಾಮಾ ಮತ್ತು ಐಸೊಲೌರಿ, ಹಾಲಿನ ಒಗ್ಗದಿಕೆ ಮತ್ತು ಇಸುಬು ಇದ್ದ ಶಿಶುಗಳಿಗೆ ಪ್ರೋಟೀನನ್ನು ಜಲವಿಭಜನೆಯಿಂದ ಒಡೆದ ಆಹಾರದೊಂದಿಗೆ ಈ ಸೂಕ್ಷ್ಮಾಣುವನ್ನು ಕೊಟ್ಟಾಗ ಇಸುಬು ಬೇಗ ತಗ್ಗಿದುದನ್ನು ವರದಿ ಮಾಡಿದರು. ಅವರು ಕೊಟ್ಟದ್ದು ಮೊಸರನ್ನಲ್ಲ, ಹಾಲಿನ ಪ್ರೋಟೀನು ಒಡೆದುಹೋಗಿದ್ದ ಆಹಾರದಲ್ಲಿ ಬೆರೆಸಿದ ಸೂಕ್ಷ್ಮಾಣುವನ್ನು ಎಂಬ ಅಂಶ ಜನಪ್ರಿಯ ಬರಹಗಳಲ್ಲಿ ಬಹುಬಾರಿ ಮರೆಯಾಗಿದೆ. 2001ರಲ್ಲಿ ಅದೇ ತಂಡದ ಕಲ್ಲಿಯೊಮಾಕಿ ಮತ್ತು ಸಂಗಡಿಗರು, ಗರ್ಭಿಣಿಯರಿಗೂ ಬಳಿಕ ಶಿಶುಗಳಿಗೂ ಈ ತಳಿಯನ್ನು ಕೊಟ್ಟಾಗ ಎರಡನೆಯ ವಯಸ್ಸಿನಲ್ಲಿ ಇಸುಬಿನ ಪ್ರಮಾಣ ಶೇಕಡ 46ರ ಬದಲು ಶೇಕಡ 23 ಇದ್ದುದನ್ನು ಪ್ರಕಟಿಸಿದರು. ಆದರೆ 2008ರಲ್ಲಿ ಜರ್ಮನಿಯಲ್ಲಿ ನಡೆದ ಅಂಥದೇ ಪ್ರಯೋಗದಲ್ಲಿ ಆ ಪ್ರಯೋಜನ ಕಾಣಲಿಲ್ಲ.

ಒಗ್ಗದಿಕೆಯಿಂದ ಬೇಗ ಹೊರಬರುವ ಬಗ್ಗೆಯೂ ಫಲಿತಾಂಶಗಳು ಭಿನ್ನವಾಗಿವೆ. ನೆದರ್ಲೆಂಡಿನಲ್ಲಿ ಹೋಲ್ ಮತ್ತು ಸಂಗಡಿಗರು 119 ಶಿಶುಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಬೇರೆ ತಳಿಗಳು ಯಾವ ವ್ಯತ್ಯಾಸವನ್ನೂ ಉಂಟುಮಾಡಲಿಲ್ಲ. ಇಟಲಿಯ ನೇಪಲ್ಸಿನ ಬೆರ್ನಿ ಕನಾನಿ ಮತ್ತು ಸಂಗಡಿಗರು 2013ರಲ್ಲಿ 260 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಒಡೆದ ಕೇಸೀನಿನ ಆಹಾರವನ್ನು ಮಾತ್ರ ಪಡೆದವರಲ್ಲಿ ಶೇಕಡ 43.6 ಮಂದಿ ಹನ್ನೆರಡು ತಿಂಗಳಲ್ಲಿ ಹಾಲನ್ನು ತಾಳಿಕೊಂಡರೆ, ಅದರೊಂದಿಗೆ ಜಿಜಿ ತಳಿಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇಕಡ 78.9. ಮಕ್ಕಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿರಲಿಲ್ಲವಾದ್ದರಿಂದ ಈ ಫಲಿತಾಂಶವನ್ನು ಅಂತಿಮವೆಂದು ಭಾವಿಸುವಂತಿಲ್ಲ. ಆದರೆ ಉಪೇಕ್ಷಿಸುವಂತೆಯೂ ಇಲ್ಲ.

ಹುದುಗಿಸಿದ ಹಾಲನ್ನೇ ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದು ಫ್ರಾನ್ಸಿನದು. ಮೋರಿಸೆ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಅಲರ್ಜಿಯ ಸಾಧ್ಯತೆ ಹೆಚ್ಚಾಗಿದ್ದ 129 ಶಿಶುಗಳಲ್ಲಿ ಕೆಲವರಿಗೆ ಹುದುಗಿಸಿದ ಹಾಲಿನಿಂದ ತಯಾರಿಸಿದ ಶಿಶು ಆಹಾರವನ್ನೂ ಉಳಿದವರಿಗೆ ಸಾಮಾನ್ಯ ಶಿಶು ಆಹಾರವನ್ನೂ ಕೊಡಲಾಯಿತು. ಹುದುಗಿಸಿದ ಆಹಾರ ಪಡೆದವರಲ್ಲಿ ಚರ್ಮಪರೀಕ್ಷೆಯಲ್ಲಿ ಹಾಲಿಗೆ ಪ್ರತಿಕ್ರಿಯೆ ತೋರಿದವರು ಕಡಿಮೆ. ಆದರೆ ಹಾಲಿನ ಒಗ್ಗದಿಕೆಗೆ ನಿಜವಾಗಿ ಒಳಗಾದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ಇದೇ ಫ್ರಾನ್ಸಿನಿಂದ ಎಚ್ಚರಿಕೆಯೂ ಬಂದಿತು. ಸೂಕ್ಷ್ಮಾಣುಗಳನ್ನು ಹಾಲಿನ ಮಾಧ್ಯಮದಲ್ಲಿ ಬೆಳೆಸುವುದರಿಂದ ಅಂಗಡಿಯಲ್ಲಿ ದೊರೆಯುವ ಪ್ರೋಬಯಾಟಿಕ್ ಪುಡಿಗಳಲ್ಲಿ ಹಾಲಿನ ಪ್ರೋಟೀನಿನ ಅಂಶ ಉಳಿದಿರಬಹುದೆಂದೂ, ಅದು ಒಗ್ಗದಿಕೆಯಿರುವ ಶಿಶುಗಳಿಗೆ ಅಪಾಯಕರವೆಂದೂ ಮೊನರೆ-ವೋತ್ರೆಂ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಔಷಧವೆಂದು ಕೊಟ್ಟದ್ದರಲ್ಲಿಯೇ ರೋಗದ ಕಾರಣ ಅಡಗಿರಬಹುದೆಂಬ ಈ ಸಂಗತಿ ಫಿಂಕೆಲ್‌ಸ್ಟೈನನ ಪ್ರೋಟೀನ್ ಹಾಲನ್ನು ನೆನಪಿಗೆ ತರುತ್ತದೆ.

ಭಾರತೀಯ ಸಂದರ್ಭ

ಭಾರತದಲ್ಲಿ ಈ ಒಗ್ಗದಿಕೆ ಅಪರೂಪವೆಂಬ ಭಾವನೆ ಬಹುಕಾಲ ವೈದ್ಯರಲ್ಲಿಯೂ ಇತ್ತು. ದೀರ್ಘಕಾಲದ ಭೇದಿಯನ್ನು ಸೋಂಕು, ಅಪೌಷ್ಟಿಕತೆಗಳ ಲೆಕ್ಕಕ್ಕೆ ಸೇರಿಸುವುದು ಇಲ್ಲಿಯೂ ಸಹಜವಾಗಿತ್ತು. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಪೊದ್ದಾರ್, ಯಾಛಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಬರಹ ಅಭಿವೃದ್ಧಿಶೀಲ ದೇಶಗಳಲ್ಲಿಯೂ ಇದನ್ನು ಗುರುತಿಸಬೇಕಾದ ಅಗತ್ಯವನ್ನು ಪ್ರತಿಪಾದಿಸಿತು.

ಕರ್ನಾಟಕಕ್ಕೆ ಸಂಬಂಧಿಸಿದಂತೆ ಒಂದು ಸಂಗತಿ ಉಲ್ಲೇಖಾರ್ಹ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ರೂಪಿಸಿತು. ಗುಜರಾತಿನ ಆಣಂದದ ಸಹಕಾರಿ ಹೈನು ಸಂಸ್ಥೆ ಅದನ್ನು ಉತ್ಪಾದನೆಗೆ ಅಳವಡಿಸಿಕೊಂಡಿತು. ವಿದೇಶೀ ಶಿಶು ಆಹಾರದ ಅವಲಂಬನೆಯನ್ನು ತಗ್ಗಿಸಿದ ಆ ಸಾಧನೆ ದೊಡ್ಡದು. ಆದರೆ ಎಮ್ಮೆಯ ಹಾಲು ಹಸುವಿನ ಹಾಲಿನ ಒಗ್ಗದಿಕೆಗೆ ಪರ್ಯಾಯವಲ್ಲ. ಹಸು, ಎಮ್ಮೆ, ಆಡು, ಕುರಿಗಳ ಹಾಲಿನ ಪ್ರೋಟೀನುಗಳು ಪರಸ್ಪರ ಬಹಳ ಹೋಲುತ್ತವೆ. 1999ರಲ್ಲಿ ಇಟಲಿಯಲ್ಲಿ ಹಸುವಿನ ಹಾಲು ಒಗ್ಗದ 26 ಮಕ್ಕಳಿಗೆ ಆಡಿನ ಹಾಲನ್ನು ಕೊಟ್ಟು ನೋಡಿದಾಗ 24 ಮಕ್ಕಳು ಪ್ರತಿಕ್ರಿಯೆ ತೋರಿದರು.

ಕನ್ನಡನಾಡಿನ ಮನೆಗಳಲ್ಲಿ ಹಾಲು ಒಗ್ಗದ ಕೂಸಿಗೆ ತಿಳಿಮಜ್ಜಿಗೆಯನ್ನೋ ಆಡಿನ ಹಾಲನ್ನೋ ಕೊಡುವ ಹಿರಿಯರ ಸಲಹೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೊಟ್ಟೆ ಕೆಟ್ಟ ವಯಸ್ಕನಿಗೆ ಮಜ್ಜಿಗೆ ತಂಪೆರೆಯುವುದು ಸುಳ್ಳಲ್ಲ. ಆದರೆ ಹಾಲು ಕುಡಿದೊಡನೆ ಮೈಮೇಲೆ ದದ್ದೆದ್ದು, ತುಟಿ ಊದಿಕೊಂಡು, ಉಸಿರು ಕಟ್ಟುವ ಕೂಸಿಗೆ ಮಜ್ಜಿಗೆಯೂ ಹಾಲೇ. ‘ಒಗ್ಗದು’ ಎಂಬ ಕನ್ನಡದ ಒಂದೇ ಕ್ರಿಯಾಪದ ಈ ಎರಡು ಸ್ಥಿತಿಗಳನ್ನೂ ಹೇಳುವುದರಿಂದ ಭಾಷೆಯೇ ಇಲ್ಲಿ ಗೊಂದಲಕ್ಕೆ ಆಸ್ಪದಕೊಡುತ್ತದೆ. ವೈದ್ಯಕೀಯ ಕನ್ನಡದಲ್ಲಿ ಸಕ್ಕರೆಯ ಅಜೀರ್ಣಕ್ಕೂ ಪ್ರೋಟೀನಿನ ಒಗ್ಗದಿಕೆಗೂ ಬೇರೆಬೇರೆ ಪದಗಳು ಸ್ಥಿರವಾಗಬೇಕಾದುದು ಕೇವಲ ಪಾರಿಭಾಷಿಕ ಶಿಸ್ತಿನ ಪ್ರಶ್ನೆಯಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹುದುಗಿಸಿದ ಹಾಲಿನ ವೈದ್ಯಕೀಯ ಕೀರ್ತಿ ಬೆಳೆದುದು ಕರುಳಿನ ಕೊಳೆ, ಸೋಂಕಿನ ಭೇದಿ ಮತ್ತು ಸಕ್ಕರೆಯ ಅಜೀರ್ಣಗಳ ಸಂದರ್ಭದಲ್ಲಿಯೇ ಹೊರತು ಪ್ರೋಟೀನಿನ ಒಗ್ಗದಿಕೆಯ ಸಂದರ್ಭದಲ್ಲಿ ಅಲ್ಲ. ಎರಡನೆಯದಾಗಿ, ಸಾಮಾನ್ಯ ಹುದುಗುವಿಕೆಯು ಹಾಲಿನ ಪ್ರೋಟೀನಿನ ಅಲರ್ಜಿಕಾರಕ ಗುಣವನ್ನು ತಗ್ಗಿಸಬಹುದಾದರೂ ಇಲ್ಲವಾಗಿಸುವುದಿಲ್ಲ. ಆದ್ದರಿಂದ ಒಗ್ಗದಿಕೆ ಖಚಿತವಾಗಿರುವ ಮಗುವಿಗೆ ಮೊಸರು, ಮಜ್ಜಿಗೆಗಳನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಕೊಡುವುದು ನಿರಪಾಯವಲ್ಲ. ಮೂರನೆಯದಾಗಿ, ಹುದುಗಿಸುವ ಸೂಕ್ಷ್ಮಾಣುಗಳಲ್ಲಿ ಕೆಲವು, ಹಾಲಿನ ಪ್ರೋಟೀನನ್ನು ದೂರವಿಟ್ಟ ಆಹಾರದ ಜೊತೆಯಲ್ಲಿ, ಮಗು ಬೇಗ ಸಹನೆಯನ್ನು ಪಡೆಯಲು ನೆರವಾಗಬಹುದೆಂಬ ಆಶೆಗೆ ಆಧಾರವಿದೆ. ಆದರೆ ಅದು ತಳಿಯಿಂದ ತಳಿಗೆ, ದೇಶದಿಂದ ದೇಶಕ್ಕೆ ಭಿನ್ನವಾಗಿದ್ದು, ಎಲ್ಲ ಮೊಸರಿಗೂ ಸಲ್ಲುವ ಗುಣವಲ್ಲ.

ಮೆಚ್ನಿಕಾಫ್ 1916ರಲ್ಲಿ ತೀರಿಕೊಂಡನು. ಫಿಂಕೆಲ್‌ಸ್ಟೈನ್ ನಾಜಿ ಆಡಳಿತದ ಕಾಲದಲ್ಲಿ ದೇಶ ಬಿಟ್ಟು 1942ರಲ್ಲಿ ಚಿಲಿಯಲ್ಲಿ ಕಣ್ಮುಚ್ಚಿದನು. 1911ರಿಂದ ಹೈಡಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಮೊರೊ 1936ರಲ್ಲಿ ಹುದ್ದೆಯನ್ನು ತ್ಯಜಿಸಿ, 1951ರವರೆಗೆ ಬದುಕಿದ್ದನು. ಇವರು ಕಂಡ ಸತ್ಯಗಳಲ್ಲಿ ಯಾವುದೂ ಸುಳ್ಳಾಗಲಿಲ್ಲ. ಒಂದರ ಸತ್ಯವನ್ನು ಮತ್ತೊಂದಕ್ಕೆ ಹಚ್ಚಿ ಹೇಳಿದಾಗ ಮಾತ್ರ ಅದು ತಪ್ಪಾಯಿತು. ಯಾವ ಹಾಲು, ಯಾವ ಸೂಕ್ಷ್ಮಾಣು, ಯಾವ ಮಗು, ಯಾವ ಕಾಯಿಲೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ಹುದುಗಿಸಿದ ಹಾಲಿನ ಗುಣಾವಗುಣಗಳನ್ನು ನಿರ್ಣಯಿಸಲಾಗದೆಂಬುದೇ ನೂರಕ್ಕೂ ಹೆಚ್ಚು ವರ್ಷಗಳ ಈ ಚರಿತ್ರೆ ಕಲಿಸುವ ಪಾಠ.